ಪದಕ್ಕೊಂದು ಮನೆ: ಬಹುಪದೋಕ್ತಿ ಕಲಿಸಿದ ನನ್ನ ಅನುಭವ

ಒಂಬತ್ತನೇ ತರಗತಿಯ ಬಹುಪದೋಕ್ತಿಗಳ (2ಎಕ್ಸ್ + 1ರಂತೆ ಪದಗಳನ್ನು ಕೂಡಿಸಿ ಕಳೆದು ಬರೆಯುವ ಬೀಜೋಕ್ತಿಗಳ) ಅಧ್ಯಾಯವನ್ನು ಮೊದಮೊದಲು ನಾನು ವ್ಯಾಖ್ಯೆಗಳಿಂದಲೇ ಆರಂಭಿಸುತ್ತಿದ್ದೆ. ಎರಡು ಪದಗಳಿದ್ದರೆ ದ್ವಿಪದೋಕ್ತಿ, ಮೂರಿದ್ದರೆ ತ್ರಿಪದೋಕ್ತಿ. ಮಹತ್ತಮ ಘಾತ, ಅಂದರೆ ಚರಾಕ್ಷರ ಎಕ್ಸ್‌ನ ಮೇಲಿನ ಅತಿ ದೊಡ್ಡ ಘಾತ, ಒಂದಾದರೆ ರೇಖಾತ್ಮಕ, ಎರಡಾದರೆ ವರ್ಗ, ಮೂರಾದರೆ ಘನ ಎಂದು ಎಲ್ಲವನ್ನೂ ಒಂದೇ ಅವಧಿಯಲ್ಲಿ ಬರೆಸಿ ಮುಗಿಸುತ್ತಿದ್ದೆ. ಒಮ್ಮೆ 7 − 4ಎಕ್ಸ್ + 2ಎಕ್ಸ್³ ಎಂದು ಹಲಗೆಯ ಮೇಲೆ ಬರೆದು ಕೇಳಿದಾಗ ಮುಂದಿನ ಬೆಂಚಿನ ಹುಡುಗಿ ತಡವರಿಸದೆ ‘ಘನ ಸರ್’ ಎಂದಳು. ಏಕೆಂದು ಕೇಳಿದೆ. ‘ಮೂರು ಪದ ಇವೆಯಲ್ಲ ಸರ್!’ ಅದರ ಕೆಳಗೆ ಎಕ್ಸ್⁵ + 1 ಎಂದು ಬರೆದರೆ ಅರ್ಧ ತರಗತಿ ಅದನ್ನು ವರ್ಗವೆಂದಿತು. ಎಣಿಕೆಯ ಹೆಸರನ್ನೂ ಘಾತದ ಹೆಸರನ್ನೂ ಒಟ್ಟಿಗೆ ತಲೆಗೆ ತುರುಕಿದ್ದು ನನ್ನದೇ ತಪ್ಪು.

ದಾರಿ ಹೊಳೆದದ್ದು ಹಳೆಯ ಬೀಜಗಣಿತದ ಬರವಣಿಗೆಯಿಂದ. ಗಣಿತಜ್ಞ ಬ್ರಹ್ಮಗುಪ್ತನ ಕೃತಿಗೆ ವ್ಯಾಖ್ಯಾನ ಬರೆದ 9ನೇ ಶತಮಾನದ ಪೃಥೂದಕಸ್ವಾಮಿ ಸಮೀಕರಣದ ಒಂದು ಬದಿಯನ್ನು ‘ಯಾವ 0 ಯಾ 10 ರೂ 8’ ಎಂದೂ ಅದರ ಕೆಳಗೆ ಇನ್ನೊಂದನ್ನು ‘ಯಾವ 1 ಯಾ 0 ರೂ 1’ ಎಂದೂ ಬರೆಯುತ್ತಾನೆ. ‘ಯಾ’ ಎಂದರೆ ಯಾವತ್ತಾವತ್, ಅಂದರೆ ಅವ್ಯಕ್ತ ರಾಶಿ. ‘ಯಾವ’ ಅದರ ವರ್ಗ. ‘ರೂ’ ಎಂದರೆ ರೂಪ, ಬರಿಯ ಸಂಖ್ಯೆ. 8ರ ತಲೆಯ ಮೇಲೆ ಋಣಚಿಹ್ನೆಯಾಗಿ ಒಂದು ಚುಕ್ಕೆಯಿರುತ್ತದೆ. ನಮ್ಮ ಬರವಣಿಗೆಯಲ್ಲಿ ಅದು 10ಎಕ್ಸ್ − 8 = ಎಕ್ಸ್² + 1. ಇಲ್ಲದ ಪದಕ್ಕೂ ಅಲ್ಲಿ ಸೊನ್ನೆಯೊಡನೆ ಸ್ಥಾನ ಉಂಟು ಎಂಬುದೇ ನನಗೆ ಬೇಕಾಗಿದ್ದ ಸಂಗತಿ.

ಮರುವರ್ಷ ಹಲಗೆಯ ಮೇಲೆ ಎಡದಿಂದ ಬಲಕ್ಕೆ ಘನ, ವರ್ಗ, ರೇಖಾತ್ಮಕ, ಸ್ಥಿರ ಎಂದು ನಾಲ್ಕು ಮನೆ ಎಳೆದು, ಅದೇ 7 − 4ಎಕ್ಸ್ + 2ಎಕ್ಸ್³ರ ಸಹಗುಣಕಗಳನ್ನು (ಪ್ರತಿ ಪದದ ಸಂಖ್ಯೆಯ ಭಾಗವನ್ನು) ತುಂಬಿಸಿದೆ: 2, 0, −4, 7. ಚಿಹ್ನೆ ಪದದ ಜೊತೆಗೇ ಮನೆ ಸೇರಬೇಕೆಂದು ಪಟ್ಟು ಹಿಡಿದೆ. ಸೊನ್ನೆ ಏಕೆಂದು ಕೇಳಿದವರಿಗೆ 2047ರಲ್ಲಿ ನೂರರ ಸ್ಥಾನವನ್ನು ತೋರಿಸಿದರೆ ಸಾಕಾಗುತ್ತಿತ್ತು. ಸೊನ್ನೆಯಲ್ಲದ ಮನೆಗಳಲ್ಲಿ ಎಲ್ಲಕ್ಕಿಂತ ಎಡಗಡೆಯದರ ಹೆಸರೇ ಬಹುಪದೋಕ್ತಿಯ ಹೆಸರು. ಅಂಥ ಮನೆಗಳನ್ನು ಎಣಿಸಿದರೆ ಅದು ತ್ರಿಪದೋಕ್ತಿಯೂ ಹೌದು.

ಎಡವುವ ಜಾಗಗಳು ಇನ್ನೂ ಇದ್ದವು. 3²ಎಕ್ಸ್ ಎಂಬುದನ್ನು ಹಲವರು ವರ್ಗದ ಮನೆಗೆ ಹಾಕಿದರು. ಘಾತವನ್ನು ನೋಡಬೇಕಾದದ್ದು ಚರಾಕ್ಷರದ ಮೇಲೆ, ಸಂಖ್ಯೆಯ ಮೇಲಲ್ಲ. √2 ಎಕ್ಸ್‌ಗೆ ರೇಖಾತ್ಮಕದಲ್ಲಿ ಜಾಗವಿದೆ, ಆದರೆ √ಎಕ್ಸ್ ಮತ್ತು 1/ಎಕ್ಸ್‌ಗೆ ಎಷ್ಟು ಮನೆ ಎಳೆದರೂ ಜಾಗವಿಲ್ಲ, ಏಕೆಂದರೆ ಅವುಗಳ ಘಾತ 1/2 ಮತ್ತು −1. (ಎಕ್ಸ್ + 1)² − ಎಕ್ಸ್² ಎಂಬುದನ್ನು ಸುಲಭೀಕರಿಸದೆ ವರ್ಗವೆಂದವರು, ಮನೆ ತುಂಬಿಸಿದ ಮೇಲೆ 2ಎಕ್ಸ್ + 1 ಮಾತ್ರ ಉಳಿದದ್ದನ್ನು ಕಂಡು ತಾವೇ ಅಳಿಸಿದರು.

ಕೊನೆಗೆ ನಾಲ್ಕೂ ಮನೆಗಳಲ್ಲಿ ಸೊನ್ನೆ ಬರೆದು ಘಾತವೆಷ್ಟೆಂದು ಕೇಳಿದೆ. 7ಕ್ಕೆ ಘಾತ 0 ಆದ್ದರಿಂದ ಇದಕ್ಕೂ 0 ಎಂದು ಕೆಲವರು ಹೇಳುತ್ತಿದ್ದಂತೆ, ಹಿಂದಿನಿಂದ ಒಬ್ಬ ಹುಡುಗ, ‘ತುಂಬಿದ ಮನೆಯೇ ಇಲ್ಲವಲ್ಲ ಸರ್, ಯಾವುದರ ಹೆಸರು ಇಡೋದು?’ ಎಂದ. ಶೂನ್ಯ ಬಹುಪದೋಕ್ತಿಯ ಮಹತ್ತಮ ಘಾತವನ್ನು ವ್ಯಾಖ್ಯಾನಿಸಿಲ್ಲ ಎಂಬ ವಾಕ್ಯವನ್ನು ನಾನು ಅವನ ಮಾತಿನ ನಂತರವೇ ಬರೆಸಿದೆ.