ಕಣದಿಂದ ವಾಡೆಗೆ: ಮನೆಯ ಬೆಳೆ ವರ್ಷವಿಡೀ ಕೆಡದ ಹಾಗೆ

ಫೆಬ್ರವರಿಯಲ್ಲಿ ಡ್ರಮ್ಮಿಗೆ ತುಂಬಿದ ತೊಗರಿಯನ್ನು ಆಷಾಢದಲ್ಲಿ ತೆಗೆದು ನೋಡಿದರೆ ಅರ್ಧ ಕಾಳಿಗೆ ತೂತು, ತಳದಲ್ಲಿ ಬರೀ ಹುಡಿ. ಆಗ ಕೆಲವರು ಡ್ರಮ್ಮನ್ನು ಬೈಯುತ್ತಾರೆ, ಕೆಲವರು ತಳಿಯನ್ನು. ಆ ಹುಳ ಬಹುಪಾಲು ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆಯಾಗಿ ಕೂತು, ಕಾಳಿನ ಜೊತೆಗೇ ಮನೆಗೆ ಬಂದಿರುತ್ತದೆ. ಕೊಯ್ದ ಮೇಲಿನ ಹದಿನೈದು ದಿನ ತಾಳ್ಮೆಯಿಂದ ಒಣಗಿಸಿದ್ದರೆ ಅದು ಇಷ್ಟು ಹೆಚ್ಚುತ್ತಿರಲಿಲ್ಲ. ತುಮಕೂರು, ಹಾಸನ, ಮಂಡ್ಯ, ಕೋಲಾರದ ಕಡೆ ಮಳೆ ನಂಬಿ ರಾಗಿ, ಅವರೆ, ತೊಗರಿ ಬೆಳೆಯುವ ಮನೆಗಳಿಗೆ ಹೇಳುವ ಮಾತಿದು. ಈಗೀಗ ಊರಿಗೆ ವಾಪಸಾಗಿ ಒಂದೆರಡು ಎಕರೆ ಮಾಡುತ್ತಿರುವ ಮಕ್ಕಳು ಸ್ವಲ್ಪ ಕಿವಿಗೊಟ್ಟು ಕೇಳಬೇಕು.

ಮೊದಲಿಗೆ ಅಕ್ಕಡಿ ಸಾಲು, ಅಂದರೆ ಮುಖ್ಯ ಬೆಳೆಯ ಸಾಲುಗಳ ನಡುವೆ ಬೇರೆ ಬೆಳೆಯ ಸಾಲು. ಎಂಟರಿಂದ ಹತ್ತು ಸಾಲು ರಾಗಿಗೆ ಎರಡು ಸಾಲು ತೊಗರಿ, ಅಥವಾ ಎಂಟು ಸಾಲಿಗೆ ಒಂದು ಸಾಲು ಅವರೆ. ಅಂಚಿಗೆ ನಾಲ್ಕು ಕಾಳು ಜೋಳ, ಒಂದಿಷ್ಟು ಹುಚ್ಚೆಳ್ಳು, ಹರಳು. ಮಳೆ ಕೈಕೊಟ್ಟರೂ ಏನಾದರೊಂದು ಕೈಗೆ ಸಿಗಲಿ ಎಂಬುದು ಇದರ ಒಂದು ಲಾಭ. ಇನ್ನೊಂದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ: ಇವೆಲ್ಲ ಒಟ್ಟಿಗೆ ಕೊಯ್ಲಿಗೆ ಬರುವುದಿಲ್ಲ. ಜುಲೈ ಹೊತ್ತಿಗೆ ಬಿತ್ತಿದ ರಾಗಿ ನವೆಂಬರಿಗೆ, ಅವರೆ ಡಿಸೆಂಬರ್ ಜನವರಿಗೆ, ತೊಗರಿ ಅದರ ಹಿಂದೆಯೇ, ಹುಣಸೆ ಶಿವರಾತ್ರಿಯ ಆಸುಪಾಸಿಗೆ. ಹಾಗಾಗಿ ಒಂದೊಂದನ್ನೂ ಒಣಗಿಸಿ, ಕೇರಿ, ತುಂಬುವುದಕ್ಕೆ ಮನೆಯವರ ಕೈಯೇ ಸಾಕಾಗುತ್ತದೆ. ಎರಡು ಎಕರೆಗೂ ಒಂದೇ ಬೆಳೆ ಹಾಕಿದವರು ಒಂದೇ ವಾರದಲ್ಲಿ ಎಲ್ಲವನ್ನೂ ಮುಗಿಸಲು ಹೋಗಿ ಅರೆಒಣ ಕಾಳನ್ನು ಚೀಲಕ್ಕೆ ತುರುಕುತ್ತಾರೆ.

ರಾಗಿ ಕೊಯ್ಲಿನ ಹೊತ್ತಿಗೆ ವಾಯುಭಾರ ಕುಸಿತದ ಮಳೆಯ ಭಯ ಇದ್ದೇ ಇರುತ್ತದೆ. ಕೊಯ್ದ ಪೈರು ಎರಡು ಮೂರು ದಿನ ಹೊಲದಲ್ಲೇ ಒಣಗಲಿ; ಆಕಾಶ ಕಪ್ಪಾಗಿದ್ದರೆ ಮಾತ್ರ ಬೇಗ ಕಟ್ಟು ಕಟ್ಟಿ. ಮೆದೆ ಹಾಕುವಾಗ ತೆನೆ ಒಳಕ್ಕೆ, ಬುಡ ಹೊರಕ್ಕೆ ಇರಬೇಕು, ಮೆದೆಯ ಕೆಳಗೆ ಕಲ್ಲೋ ಕೊಂಬೆಯೋ ಹಾಸಿರಬೇಕು. ಹಸಿ ಪೈರನ್ನು ಮೆದೆ ಹಾಕಿದರೆ ಎರಡೇ ದಿನಕ್ಕೆ ಒಳಗೆ ಕಾವೇರುತ್ತದೆ. ಕೈ ತೂರಿಸಿ ನೋಡಿ. ಬಿಸಿ ತಗುಲಿದರೆ ಅವತ್ತೇ ಬಿಚ್ಚಿ ಹರಡಬೇಕು, ನಾಳೆ ಎಂದರೆ ತೆನೆಯಲ್ಲೇ ಮೊಳಕೆ. ಇನ್ನು ಡಾಂಬರು ರಸ್ತೆಯ ಮೇಲೆ ಹರಡಿ ಬಸ್ಸು ಲಾರಿಗಳ ಕೈಲಿ ಒಕ್ಕಣೆ ಮಾಡಿಸುವವರಿಗೆ ಒಂದು ಮಾತು: ಆ ರಾಗಿಗೆ ಸೇರಿದ ಜಲ್ಲಿ ಪುಡಿ ಎಷ್ಟು ಗಾಳಿಸಿದರೂ ಪೂರ್ತಿ ಹೋಗುವುದಿಲ್ಲ, ಬೈಕಿನಲ್ಲಿ ಬರುವವರು ಜಾರಿ ಬೀಳುವುದು ಬೇರೆ. ಸಗಣಿ ಬಗ್ಗಡ ಬಳಿದ ಕಣ ಇಲ್ಲದಿದ್ದರೆ ದಪ್ಪ ಟಾರ್ಪಾಲಿನ ಮೇಲಾದರೂ ಮಾಡಿ.

ರಾಗಿ ಕಾಳಿಗೆ ಹುಳದ ಕಾಟ ಕಡಮೆ. ಕಾಳು ಸಣ್ಣದು, ಹೊಟ್ಟು ಬಿಗಿ, ಒಳಗೆ ಹುಳಕ್ಕೆ ಜಾಗವೇ ಇಲ್ಲ. ಹಳೇ ಮೈಸೂರಿನ ಕಡೆ ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಇಟ್ಟು ಉಣ್ಣುತ್ತಿದ್ದರು. ಬಾಯಿ ಮುಚ್ಚಿ ಮಣ್ಣು ಮೆತ್ತಿದ ಹಗೇವಿನಲ್ಲಿ ಗಾಳಿ ಕೆಟ್ಟು ಹುಳ ಉಳಿಯುತ್ತಿರಲಿಲ್ಲ. ಮನುಷ್ಯರಿಗೂ ಅದೇ ಗತಿ. ಎಲ್ಲಾದರೂ ಹಳೇ ಹಗೇವು ಉಳಿದಿದ್ದರೆ ಬಾಯಿ ತೆರೆದ ತಕ್ಷಣ ಇಳಿಯಬೇಡಿ. ಚೆನ್ನಾಗಿ ಗಾಳಿಯಾಡಿದ ಮೇಲೂ ದೀಪ ಇಳಿಬಿಟ್ಟು ನೋಡಬೇಕು, ದೀಪ ಆರಿದರೆ ಒಳಗೆ ಉಸಿರಿಲ್ಲ ಎಂದರ್ಥ.

ರಾಗಿ ಕೆಡುವುದು ಹಿಟ್ಟಾದ ಮೇಲೆ. ತಿಂಗಳಿಗೆ ಬೇಕಾದಷ್ಟನ್ನೇ ಬೀಸಿಸಿ. ಗಾಳಿಸಿ, ಕಲ್ಲು ತೆಗೆದ ರಾಗಿಯನ್ನು ಬಿಳಿ ಬಟ್ಟೆಯ ಮೇಲೆ ಒಂದು ಪೂರ್ತಿ ದಿನದ ಬಿಸಿಲಿಗೆ ಹರಡಬೇಕು. ಸಂಜೆ ಒಂದು ಹಿಡಿ ಮುಚ್ಚಿ ತೆರೆದರೆ ಕಾಳು ಅಂಗೈಗೆ ಅಂಟದೆ ಉದುರಿದರೆ ಹದ. ತೇವ ಉಳಿದ ರಾಗಿ ಮಿಲ್ಲಿನಲ್ಲಿ ಗಂಟುಗಂಟಾಗಿ ಬರುತ್ತದೆ, ವಾರಕ್ಕೇ ಮುಗ್ಗಲು ವಾಸನೆ. ಮಿಲ್ಲಿನಿಂದ ಬಂದ ಹಿಟ್ಟು ಬಿಸಿಯಾಗಿರುತ್ತದೆ. ಹಾಗೇ ಡಬ್ಬಿಗೆ ಹಾಕಿ ಮುಚ್ಚಿದರೆ ಮುಚ್ಚಳದ ಒಳಗೆ ಹನಿ ಕಟ್ಟಿ ಹಿಟ್ಟಿನ ಮೇಲೇ ಬೀಳುತ್ತದೆ. ಅಗಲವಾದ ಪಾತ್ರೆಗೆ ಸುರಿದು, ತೆಳು ಬಟ್ಟೆ ಹೊದಿಸಿ, ಒಂದೆರಡು ಗಂಟೆ ಆರಲು ಬಿಡಿ.

ಇದೇ ಮಾತು ಕಾಳಿಗೂ ಮೆಣಸಿನಕಾಯಿಗೂ ಸಲ್ಲುತ್ತದೆ. ಬಿಸಿಲಿನಿಂದ ತೆಗೆದದ್ದನ್ನು ನೆರಳಿನಲ್ಲಿ ಆರಿಸದೆ ಡ್ರಮ್ಮಿಗೆ ತುಂಬಬಾರದು. ಕಬ್ಬಿಣದ್ದಾಗಲಿ ಪ್ಲಾಸ್ಟಿಕ್ಕಿನದ್ದಾಗಲಿ ಡ್ರಮ್ಮು ಉಸಿರಾಡುವುದಿಲ್ಲ. ಹಿಂದೆ ಕಾಳು ತುಂಬಿಡುತ್ತಿದ್ದ ದೊಡ್ಡ ಮಣ್ಣಿನ ವಾಡೆ ಸ್ವಲ್ಪ ತೇವವನ್ನು ತಾನೇ ಹೀರಿಕೊಂಡು ಹೊರಗೆ ಬಿಡುತ್ತಿತ್ತು. ವಾಡೆಗೆ ನಡೆಯುತ್ತಿದ್ದ ಅಜಾಗರೂಕತೆ ಡ್ರಮ್ಮಿಗೆ ನಡೆಯುವುದಿಲ್ಲ. ಕಾಳು ಒಣಗಿದೆಯೋ ಇಲ್ಲವೋ ತಿಳಿಯಲು ಹಲ್ಲಿನಲ್ಲಿ ಕಡಿದು ನೋಡಿ, ಕಟುಂ ಎಂದು ಒಡೆಯಬೇಕು, ಅಮುಕಿದಂತಾಗಬಾರದು. ಹಲ್ಲು ನಂಬದವರು ಒಣಗಿದ ಗಾಜಿನ ಶೀಶೆಗೆ ಕಾಲು ಭಾಗ ಕಾಳು, ಕಾಲು ಭಾಗ ಚೆನ್ನಾಗಿ ಒಣಗಿದ ಪುಡಿ ಉಪ್ಪು ಹಾಕಿ, ಎರಡು ಮೂರು ನಿಮಿಷ ಕುಲುಕಿ, ಕಾಲು ಗಂಟೆ ಇಟ್ಟು ನೋಡಲಿ. ಉಪ್ಪು ಶೀಶೆಯ ಗೋಡೆಗೆ ಅಂಟಿಕೊಂಡರೆ ಇನ್ನೂ ಬಿಸಿಲು ಬೇಕು.

ತೊಗರಿಯ ವಿಚಾರ ದೊಡ್ಡದು. ಇಡೀ ಕಾಳಿಗೆ ಹುಳ ಬೀಳುವಷ್ಟು ಒಡೆದ ಬೇಳೆಗೆ ಬೀಳುವುದಿಲ್ಲ, ಯಾಕೆಂದರೆ ಆ ಹುಳ ಮೊಟ್ಟೆ ಅಂಟಿಸುವುದು ಇಡೀ ಕಾಳಿನ ನುಣುಪು ಮೈಮೇಲೆ. ಅದಕ್ಕೇ ಊಟಕ್ಕೆ ಬೇಕಾದಷ್ಟನ್ನು ಬೇಸಿಗೆಯಲ್ಲೇ ಬೇಳೆ ಮಾಡಿಬಿಡುವುದು ಜಾಣತನ. ಕೆಮ್ಮಣ್ಣು ಕಟ್ಟಿದ ಬೇಳೆ ರುಚಿಯಲ್ಲೂ ಮೇಲು. ಹತ್ತು ಕೆಜಿ ತೊಗರಿಯನ್ನು ಸಂಜೆ ನೆನೆಹಾಕಿ, ಬೆಳಿಗ್ಗೆ ಬಸಿಯಿರಿ. ಜರಡಿ ಹಿಡಿದ, ಮರಳಿಲ್ಲದ ಕೆಮ್ಮಣ್ಣು ಎರಡು ಮೂರು ಹಿಡಿ ತೆಗೆದುಕೊಂಡು ಗಂಜಿಯ ಹದಕ್ಕೆ ಕಲಸಿ, ಎಲ್ಲ ಕಾಳಿಗೂ ಮೆತ್ತುವಂತೆ ಉಜ್ಜಿ. ಗುಡ್ಡೆ ಮಾಡಿ ಗೋಣಿ ಹೊದಿಸಿ ಒಂದು ರಾತ್ರಿ ಬಿಡಬೇಕು. ಈ ಒಂದು ರಾತ್ರಿಯನ್ನು ಉಳಿಸಲು ಹೋದವರ ಬೇಳೆಯಲ್ಲಿ ಸಿಪ್ಪೆ ಅರ್ಧಕ್ಕರ್ಧ ಉಳಿದಿರುತ್ತದೆ. ಮಾರನೆಯ ದಿನದಿಂದ ಮೂರು ನಾಲ್ಕು ದಿನ ತೆಳ್ಳಗೆ ಹರಡಿ ಒಣಗಿಸಿ, ದಿನಕ್ಕೆರಡು ಸಲ ಕೈಯಾಡಿಸಿ. ಸಿಪ್ಪೆ ಸುಕ್ಕುಗಟ್ಟಿ, ಬೆರಳಲ್ಲಿ ತಿಕ್ಕಿದರೆ ಕಳಚಬೇಕು. ಆಮೇಲೆ ಮಣ್ಣು ಜರಡಿ ಹಿಡಿದು ಬೀಸುವ ಕಲ್ಲಿಗೆ ಹಾಕುವುದು.

ಕಲ್ಲಿನ ಬಾಯಿಗೆ ಒಂದೊಂದೇ ಹಿಡಿ. ತುಂಬ ಹಾಕಿದರೆ ಕಾಳು ಒಡೆಯದೆ ಆಚೆ ಬರುತ್ತದೆ. ತೀರಾ ಕಡಮೆಯಾದರೆ ನುಚ್ಚು. ಕಲ್ಲಿನ ಮೈ ಒರಟಾಗಲೆಂದು ಹೊಸದಾಗಿ ಮುಳ್ಳು ಹೊಡೆಸಿದ್ದರಂತೂ ನುಚ್ಚು ಜಾಸ್ತಿ, ಹಾಗಾಗಿ ಮೊದಲು ಒಂದೆರಡು ಸೇರು ಜೋಳವನ್ನೋ ಹುರುಳಿಯನ್ನೋ ದನಕ್ಕೆಂದು ಬೀಸಿ ಕಲ್ಲನ್ನು ಪಳಗಿಸಿಕೊಳ್ಳಿ. ಕೇರಿದ ಮೇಲೆ ಉಳಿದ ಸಿಪ್ಪೆ, ನುಚ್ಚು ಹಸುವಿಗೆ. ಒಡೆಯದೆ ಉಳಿದ ಕಾಳಿಗೆ ಮತ್ತೆ ನೀರು ಚಿಮುಕಿಸಿ, ಒಂದು ದಿನ ಒಣಗಿಸಿ, ಎರಡನೇ ಸಲ ಬೀಸಬೇಕು.

ಬಿತ್ತನೆಗೆ, ಹುಳಿ ಸಾರಿಗೆ ಇಡೀ ಕಾಳನ್ನೇ ಇಡಬೇಕಲ್ಲ, ಅದಕ್ಕೆ ಹರಳೆಣ್ಣೆ. ಕೆಜಿಗೆ 5 ಮಿಲಿ, ಅಂದರೆ ಒಂದು ಚಹಾ ಚಮಚ. ಮೊರದಲ್ಲಿ ಹಾಕಿಕೊಂಡು ಕಾಳು ಮಿರುಗುವ ತನಕ ಕೈಯಲ್ಲಿ ಉಜ್ಜಿ. ಎಣ್ಣೆ ಸುರಿಯುವಂತಿರಬಾರದು, ಕಡಮೆಯಾಗಿ ಅಲ್ಲಲ್ಲಿ ಒಣ ಕಾಳು ಉಳಿಯಲೂಬಾರದು, ಹುಳ ಸೇರಲು ಅಂಥ ನಾಲ್ಕು ಒಣ ಕಾಳೇ ಸಾಕು. ಬೇವಿನ ಸೊಪ್ಪು ಹಾಕುವವರು ಹಸಿ ಸೊಪ್ಪು ಹಾಕಿ ಕಾಳಿಗೆ ಬೂಷ್ಟು ತರಿಸಿಕೊಳ್ಳುತ್ತಾರೆ. ನೆರಳಲ್ಲಿ ಮುರಿಮುರಿ ಎನ್ನುವಷ್ಟು ಒಣಗಿದ ಸೊಪ್ಪಾದರೆ ಸರಿ, ಆದರೆ ಅದೊಂದನ್ನೇ ನಂಬಿಕೊಂಡು ಕೂರಬೇಡಿ.

ಕಡಲೆಕಾಯಿಯನ್ನು ಸಿಪ್ಪೆ ಸಮೇತ ಇಟ್ಟು, ಬೇಕಾದಾಗ ಬಿಡಿಸಿ. ಬೂಷ್ಟು ಬಂದ ಬೀಜವನ್ನು ಹುರಿದು ತಿಂದರಾಯಿತು ಎನ್ನುವ ಅಭ್ಯಾಸ ಬಿಡಬೇಕು. ಆ ಬೂಷ್ಟಿನ ವಿಷ ಹುರಿದರೆ ಹೋಗುವುದಿಲ್ಲ. ದನಕ್ಕೂ ಹಾಕಬಾರದು, ಹಾಲಿಗೆ ಬರುತ್ತದೆ.

ಅವರೆಕಾಯಿಗೆ ಸೊಗಡು ಇರುವ ತನಕವೇ ಮರ್ಯಾದೆ. ಇಬ್ಬನಿಯಲ್ಲಿ ಕಿತ್ತ ಕಾಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಮಧ್ಯಾಹ್ನಕ್ಕೇ ಬೆವರಿ ಕಪ್ಪಾಗುತ್ತದೆ. ಗೋಣಿಯ ಮೇಲೆ ಹರಡಿ. ಹಿತುಕಲು ಬಿಡಿಸಿದ ಕಾಳನ್ನು ನಾಲ್ಕೈದು ಗಂಟೆ ನೆನೆಸಿದರೆ ಸಾಕು. ರಾತ್ರಿಯೆಲ್ಲ ನೆನೆದರೆ ಬೇಳೆ ಎರಡು ಹೋಳಾಗಿ ಕೈಯಲ್ಲೇ ಉದುರುತ್ತದೆ, ಸೊಗಡು ನೀರಿಗೆ ಹೋಗುತ್ತದೆ. ಮಿಕ್ಕಿದ ಹಿತುಕಿದ ಬೇಳೆಯನ್ನು ಬಟ್ಟೆಯ ಮೇಲೆ ನೀರಾರಿಸಿ, ಎರಡು ಮೂರು ದಿನ ಬಿಸಿಲಲ್ಲಿ ಒಣಗಿಸಿಟ್ಟರೆ ಮಳೆಗಾಲದಲ್ಲಿ ಕರಿಯಲು, ಸಾರಿಗೆ ಆಗುತ್ತದೆ.

ಹುಣಸೆಹಣ್ಣಿಗೆ ಉಪ್ಪೇ ಕಾವಲು. ಓಡು, ನಾರು, ಬೀಜ ತೆಗೆದ ಹತ್ತು ಕೆಜಿ ಹಣ್ಣಿಗೆ ಸುಮಾರು ಒಂದು ಕೆಜಿ ಕಲ್ಲುಪ್ಪು. ಬೀಜ ಉಳಿದರೆ ಅದರಲ್ಲೇ ಹುಳ. ಒಂದು ಪದರ ಹಣ್ಣು, ಒಂದು ಹಿಡಿ ಉಪ್ಪು, ಗಾಳಿ ಉಳಿಯದಂತೆ ಒತ್ತಿ ಒತ್ತಿ ಪಿಂಗಾಣಿ ಜಾಡಿಗೋ ಮಣ್ಣಿನ ಗಡಿಗೆಗೋ ತುಂಬಬೇಕು. ಅಲ್ಯೂಮಿನಿಯಂ, ತಾಮ್ರ, ಕಲಾಯಿ ಇಲ್ಲದ ಹಿತ್ತಾಳೆ ಬೇಡ. ಹುಳಿ ಲೋಹವನ್ನು ತಿನ್ನುತ್ತದೆ. ವರ್ಷ ಕಳೆದಂತೆ ಹಣ್ಣು ಕಪ್ಪಾದರೆ ಗಾಬರಿಯಾಗಬೇಡಿ, ಅದು ಕೆಟ್ಟದ್ದಲ್ಲ.

ಬಾಳಕದ ಮೆಣಸಿನಕಾಯಿಗೆ, ಒಂದು ಕೆಜಿ ಕಾಯಿಗೆ ಒಂದೂವರೆ ಲೀಟರ್ ಗಟ್ಟಿ ಹುಳಿ ಮಜ್ಜಿಗೆ, 150 ಗ್ರಾಂ ಉಪ್ಪು, ಚಿಟಿಕೆ ಇಂಗು. ತೊಟ್ಟು ಕೀಳದೆ ಮಧ್ಯೆ ಮಾತ್ರ ಸೀಳಿ, ಎರಡು ರಾತ್ರಿ ಊರಲು ಬಿಡಿ. ಆಮೇಲೆ ಬೆಳಿಗ್ಗೆ ಬಿಸಿಲಿಗೆ, ಸಂಜೆ ಮತ್ತೆ ಅದೇ ಮಜ್ಜಿಗೆಗೆ, ಮಜ್ಜಿಗೆ ಪೂರ್ತಿ ಹೀರುವ ತನಕ. ನಡುವೆ ಮೋಡ ಕವಿದರೆ ಕಾಯಿ ಲೋಳೆಯಾಗುತ್ತದೆ; ಆ ದಿನ ಮಜ್ಜಿಗೆಯಿಂದ ತೆಗೆದು ಫ್ಯಾನಿನ ಕೆಳಗಾದರೂ ಹರಡಿ.

ಬೀಜದ ವಿಷಯದಲ್ಲಿ ಮನೆಮನೆಯಲ್ಲೂ ಒಂದೇ ತಪ್ಪು: ಚೆನ್ನಾಗಿರುವ ಕಾಯನ್ನೆಲ್ಲ ಸಾರಿಗೆ ಕಿತ್ತು, ಕೊನೆಗೆ ಬಳ್ಳಿಯಲ್ಲಿ ಉಳಿದ ಸೊಟ್ಟ ಕಾಯನ್ನು ಬೀಜಕ್ಕೆ ಬಿಡುವುದು. ರೋಗವಿಲ್ಲದ ಬಳ್ಳಿಯಲ್ಲಿ ಎರಡನೆಯದೋ ಮೂರನೆಯದೋ ಕಾಯಿಗೆ ಬಣ್ಣದ ದಾರ ಕಟ್ಟಿ, ಕೀಳಬಾರದೆಂದು ಮನೆಯವರಿಗೆಲ್ಲ ಹೇಳಿ. ಹೀರೆ, ಸೋರೆ ಬಳ್ಳಿಯಲ್ಲೇ ಒಣಗಿ ಒಳಗೆ ಬೀಜ ಗಲಗಲ ಎನ್ನಬೇಕು. ಬದನೆ ಹಳದಿಯಾದ ಮೇಲೆ ಕಿತ್ತು, ವಾರ ಬಿಟ್ಟು ಕೊಯ್ದು ನೀರಿನಲ್ಲಿ ಕಿವುಚಿ. ತೇಲುವುದನ್ನು ಚೆಲ್ಲಿ, ಮುಳುಗಿದ್ದನ್ನು ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿಡಿ. ಟೊಮೆಟೊ ಬೀಜದ ಲೋಳೆ ಹೋಗಲು ತಿರುಳಿನ ಜೊತೆ ಎರಡು ದಿನ ಹುಳಿಯಲು ಬಿಟ್ಟು ತೊಳೆಯಬೇಕು. ತಗಡಿನ ಮೇಲೆ ಉರಿಬಿಸಿಲಿಗೆ ಇಟ್ಟ ಬೀಜ ಹುಟ್ಟುವುದಿಲ್ಲ. ಸೋರೆ ಬೀಜ ಹಿಡಿಯುವವರು ಅಕ್ಕಪಕ್ಕದಲ್ಲಿ ಕಹಿ ಸೋರೆ ಬಳ್ಳಿ ಇಲ್ಲದಂತೆ ನೋಡಿಕೊಳ್ಳಿ. ದುಂಬಿಗಳು ಎರಡನ್ನೂ ಬೆರೆಸಿದರೆ ಮುಂದಿನ ವರ್ಷದ ಕಾಯಿ ಕಹಿಯಾಗಬಹುದು. ಅಡುಗೆಗೆ ಹೆಚ್ಚುವ ಮೊದಲು ಒಂದು ಚೂರು ನಾಲಿಗೆಗೆ ಇಟ್ಟು ನೋಡಿ. ಕಹಿ ಇದ್ದರೆ ಉಗಿದು, ಇಡೀ ಕಾಯನ್ನು ಎಸೆಯಿರಿ. ಅದು ನಿಜವಾಗಿ ವಿಷ.

ಇಷ್ಟೆಲ್ಲ ಒಂದೇ ಮನೆಯವರು ಮಾಡಲು ಹೋದರೆ ಸೊಂಟ ಬೀಳುತ್ತದೆ. ಅದಕ್ಕೇ ಮುಯ್ಯಾಳು. ಇವತ್ತು ನಿಮ್ಮ ಹುಣಸೆ ಬಿಡಿಸಲು ನಾಲ್ಕು ಮನೆಯವರು, ನಾಳೆ ಅವರ ತೊಗರಿ ಬೀಸಲು ನೀವು. ಹೊಸದಾಗಿ ಊರಿಗೆ ಬಂದವರು ಯಾರೂ ಕರೆಯುವುದಿಲ್ಲ ಎಂದು ಕೊರಗುವ ಬದಲು ಮೊದಲು ತಾವೇ ಒಂದು ದಿನ ಹೋಗಿ ದುಡಿಯಬೇಕು; ಲೆಕ್ಕ ಅಲ್ಲಿಂದ ಶುರುವಾಗುತ್ತದೆ. ದಿನಕ್ಕೆ ದಿನ, ಅಜ್ಜಿಯ ದಿನವೂ ಹುಡುಗನ ದಿನವೂ ಒಂದೇ. ಮಧ್ಯಾಹ್ನದ ಮುದ್ದೆ, ಸಾರು ಕರೆದ ಮನೆಯದು. ದುಡ್ಡು ಕೊಟ್ಟು ತೀರಿಸಿದರೆ ಅದು ಕೂಲಿಯಾಗುತ್ತದೆ, ಮುಂದಿನ ವರ್ಷ ಯಾರೂ ಬರುವುದಿಲ್ಲ. ಬಾಕಿ ಇರುವ ಮುಯ್ಯಿಯನ್ನು ಯುಗಾದಿಯೊಳಗೆ ತೀರಿಸಿಬಿಡಿ, ಉಳುಮೆ ಶುರುವಾದ ಮೇಲೆ ಯಾರಿಗೂ ಬಿಡುವಿರುವುದಿಲ್ಲ. ಬೀಜವನ್ನೂ ಹೀಗೆಯೇ ಎರಡು ಮನೆಗೆ ಒಂದೊಂದು ಹಿಡಿ ಕೊಟ್ಟಿಡಿ. ನಿಮ್ಮಲ್ಲಿ ಇಲಿ ತಿಂದ ವರ್ಷ ಅವರ ಮನೆಯ ಡಬ್ಬಿಯಲ್ಲಿ ಸಿಗುತ್ತದೆ.

ಆಷಾಢ, ಶ್ರಾವಣದಲ್ಲಿ ಮೋಡ ಬಿಟ್ಟು ಎರಡು ದಿನ ಬಿಸಿಲು ಕಂಡರೆ ಡ್ರಮ್ಮುಗಳ ಮುಚ್ಚಳ ತೆಗೆದು ಮೊಳಕೈವರೆಗೆ ಕೈ ಇಳಿಸಿ. ಒಳಗೆ ಬೆಚ್ಚಗಿದ್ದರೆ, ಅಥವಾ ಕೈಗೆ ಹುಡಿ ಮೆತ್ತಿದರೆ, ಆ ಡ್ರಮ್ಮು ಅವತ್ತೇ ಅಂಗಳಕ್ಕೆ ಬರಲಿ.