ನೀಲಿ ಟಾರ್ಪಾಲಿನಡಿ ಮಕ್ಕಳ ಚಿತ್ರ ತೆಗೆಯುವವರಿಗೆ

ಬೆಂಗಳೂರಿನ ವಲಸೆ ಕಾರ್ಮಿಕರ ನೀಲಿ ಟಾರ್ಪಾಲಿನ ಗುಡಿಸಲುಗಳೊಳಗೆ ಮಕ್ಕಳ ದಾಖಲೆಚಿತ್ರ ತೆಗೆಯುವ ಮೊದಲು, ಒಂದು ಬಿಳಿ ಹಾಳೆಯನ್ನು ಮಗುವಿನ ಕೈಗೇ ಕೊಟ್ಟು ಮುಖದ ಪಕ್ಕ ಹಿಡಿಸಿ, ಅದನ್ನು ಆಧರಿಸಿ ಕ್ಯಾಮೆರಾದ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣಗಳನ್ನು ಸರಿಪಡಿಸುವ ವ್ಯವಸ್ಥೆ) ಹೊಂದಿಸಿಕೊಳ್ಳಿ. ಟಾರ್ಪಾಲು ಕೆಂಪು ಬೆಳಕನ್ನು ಬಹುಪಾಲು ತಡೆದು ನೀಲಿಯನ್ನೇ ಹೆಚ್ಚಾಗಿ ಒಳಬಿಡುವುದರಿಂದ ಕಂದು ಮೈಬಣ್ಣ ಬೂದಿ ಬಳಿದಂತೆ ಕಾಣುತ್ತದೆ. ಕ್ಯಾಮೆರಾದ ಆಟೋ ವ್ಯವಸ್ಥೆ ಇಷ್ಟು ನೀಲಿಯನ್ನು ಸಾಮಾನ್ಯವಾಗಿ ಪೂರ್ತಿ ಸರಿದೂಗಿಸಲಾರದು. (ನೀಲಿಯ ತುಸು ಛಾಯೆ ಉಳಿದರೆ ಅಡ್ಡಿಯಿಲ್ಲ, ಅಲ್ಲಿನ ಬೆಳಕು ಇರುವುದೇ ಹಾಗೆ.) ಆದರೆ ಬಾಗಿಲಿನ ಬಿಸಿಲು ಮುಖದ ಅರ್ಧಕ್ಕೆ ಮಾತ್ರ ಬಿದ್ದಾಗ ಈ ಉಪಾಯ ನಡೆಯದು, ಏಕೆಂದರೆ ನೆರಳಿನ ಬದಿ ಸರಿಹೋದರೆ ಬಿಸಿಲಿನ ಬದಿ ಕಿತ್ತಳೆಗೆ ತಿರುಗುತ್ತದೆ, ಆಗ ಮಗುವನ್ನು ಎಬ್ಬಿಸಿ ಬೇರೆಡೆ ಕೂರಿಸುವುದಕ್ಕಿಂತ, ಅದು ತಾನಾಗಿ ಒಳಗೋ ಹೊಸ್ತಿಲಿಗೋ ಸರಿಯುವವರೆಗೆ ಕಾಯುವುದು ಅಥವಾ ಆ ಚಿತ್ರವನ್ನು ಕಪ್ಪು ಬಿಳುಪಿನಲ್ಲಿ ಉಳಿಸಿಕೊಳ್ಳುವುದು ಲೇಸು.