ಕಿವಿಗೆ ಕ್ಲಿಪ್, ಮುಂದೆ ಬಲ್ಬು

ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್‌ನಲ್ಲಿ ನನ್ನ ಹೊಟ್ಟೆಪಾಡು ಕಸ್ಟಮರ್ ಸಪೋರ್ಟ್. ಎಷ್ಟೇ ಬೈದರೂ ‘ನಿಮ್ಮ ತೊಂದರೆ ಅರ್ಥವಾಯಿತು’ ಅಂತ ಟೈಪ್ ಮಾಡುವ ಕೆಲಸ. ಇದನ್ನೇ ಪರ್ಫಾರ್ಮೆನ್ಸ್ ಮಾಡಬಹುದಲ್ಲ ಅನ್ನಿಸಿದ್ದು ‘ಹ್ಯಾವ್ ಎ ಗುಡ್ ಡೇ!’ ಒಪೆರಾ ನೋಡಿದ ಮೇಲೆ. ರುಗಿಲೆ ಬಾರ್ಜ್‌ಜ್ಯುಕಾಯ್ತೆ, ವಾಯ್ವಾ ಗ್ರಾಯ್ನಿತೆ, ಲಿನಾ ಲಾಪೆಲಿತೆ ಸೇರಿ ಕಟ್ಟಿದ ಇದು 2013ರಲ್ಲಿ ರಂಗಕ್ಕೆ ಬಂತು. ಸೂಪರ್‌ಮಾರ್ಕೆಟ್‌ನ 10 ಮಂದಿ ಕ್ಯಾಷಿಯರ್‌ಗಳು ಕೂತಲ್ಲೇ ಹಾಡುತ್ತಾರೆ, ಸ್ಕ್ಯಾನರ್‌ನ ಬೀಪ್ ಸದ್ದೇ ತಾಳ. ಗಿರಾಕಿಗೆ ಶುಭದಿನ ಕೋರುವ ಬಾಯಿಂದಲೇ ಮನೆಯ ಚಿಂತೆಯೂ ಹಾಡಾಗುತ್ತದೆ. ಇದೇ ಮೂವರ ‘ಸನ್ ಅಂಡ್ ಸೀ’ಗೆ 2019ರಲ್ಲಿ ವೆನಿಸ್ ಬಿಯೆನ್ನಾಲೆ ಕಲಾಮೇಳದ ಗೋಲ್ಡನ್ ಲಯನ್ ಪ್ರಶಸ್ತಿ ಬಂತು. ಅಲ್ಲಂತೂ ಮರಳಿನ ಮೇಲೆ ಮಲಗಿಕೊಂಡೇ ದಣಿವನ್ನು ಹಾಡುತ್ತಾರೆ. ಯಾರೂ ಎದೆ ಬಡಿದುಕೊಂಡು ಅಳುವುದಿಲ್ಲ. ನನಗೆ ಹಿಡಿಸಿದ್ದು ಅದೇ.

ಸ್ಕ್ರಿಪ್ಟ್ ಬರೆಯಲು ಹೋಗಲಿಲ್ಲ. ಲಿಥುವೇನಿಯಾದ್ದೇ ಕೌನಸ್ ಊರಿನಲ್ಲಿ 1931ರಲ್ಲಿ ಹುಟ್ಟಿದ ಜಾರ್ಜ್ ಮಾಚ್ಯೂನಸ್ ಮುಂದೆ ಕಟ್ಟಿದ ಫ್ಲಕ್ಸಸ್ ಎಂಬ ಕಲಾವಿದರ ಬಳಗದವರು ಇಡೀ ಪ್ರದರ್ಶನವನ್ನೇ ಒಂದು ಕಾರ್ಡಿನಲ್ಲಿ ಸೂಚನೆಯಾಗಿ ಬರೆದು ಮುಗಿಸಿಬಿಡುತ್ತಿದ್ದರು. ನಾನೂ ಒಂದು ಕಾರ್ಡು ಬರೆದೆ: ‘ಕೂರು. ದೂರು ಕೇಳು. ಸಭ್ಯವಾಗಿ ಉತ್ತರಿಸು. ಬಲ್ಬು ನೋಡಬೇಡ.’

ಬಲ್ಬು ಮಿನುಗುವುದು ನನ್ನ ನಾಡಿಗೆ. ಆರ್ಡುಯಿನೊ ಅನ್ನುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿಗೆ ಸಿಕ್ಕಿಸಿದ ಪಲ್ಸ್ ಸೆನ್ಸರ್ ಚರ್ಮದೊಳಕ್ಕೆ ಹಸಿರು ಬೆಳಕು ಬಿಡುತ್ತದೆ. ಪ್ರತಿ ಬಡಿತಕ್ಕೂ ಅಲ್ಲಿ ರಕ್ತ ಹೆಚ್ಚಿ, ವಾಪಸ್ ಬರುವ ಬೆಳಕು ಕಡಿಮೆಯಾಗುತ್ತದೆ. ಅದನ್ನೇ ಬಡಿತ ಅಂತ ಎಣಿಸುತ್ತದೆ. ಇಲ್ಲಿನ ಜನವರಿಯಲ್ಲಿ ಹೊರಗಿಂದ ಬಂದವನ ಬೆರಳಲ್ಲಿ ಸಿಗ್ನಲ್ ಸಿಗುವುದೇ ಕಷ್ಟ, ಚಳಿಗೆ ರಕ್ತನಾಳ ಮುದುಡಿಕೊಂಡಿರುತ್ತದೆ. ಸಾಲದ್ದಕ್ಕೆ ಟೈಪ್ ಮಾಡುವಾಗ ಬೆರಳು ಅಲುಗಾಡುತ್ತದೆ. ಹಾಗಾಗಿ ಕಿವಿಯ ಹಾಲೆಗೆ ಕ್ಲಿಪ್ ಹಾಕಿ, ಹಿಂದೆ ಕಪ್ಪು ಟೇಪ್ ಅಂಟಿಸಿದೆ, ಸ್ಟುಡಿಯೊದ ಬೆಳಕು ನುಸುಳದ ಹಾಗೆ. ಕರೆಂಟು ಗೋಡೆಯ ಪ್ಲಗ್ಗಿನಿಂದ ಬೇಡವೇ ಬೇಡ, ಪವರ್ ಬ್ಯಾಂಕ್ ಸಾಕು. ಮೈಗೆ ಅಂಟಿಸಿಕೊಂಡ ವೈರು ನೋಡಿ.

ಮುಖ ನೋಡಿ ಭಾವನೆ ಹೇಳುವ ಸಾಫ್ಟ್‌ವೇರ್ ಹಾಕು ಅಂತ ಗೆಳೆಯನೊಬ್ಬ ದುಂಬಾಲು ಬಿದ್ದ. ಒಪ್ಪಲಿಲ್ಲ. ಮುಖವನ್ನು ನೆಟ್ಟಗೆ ಇಟ್ಟುಕೊಳ್ಳುವುದಕ್ಕೇ ನಮಗೆ ಸಂಬಳ! ನಾಡಿಗೂ ಕೋಪ ಯಾವುದು, ಕಾಫಿ ಯಾವುದು ಅಂತ ಗೊತ್ತಾಗುವುದಿಲ್ಲ, ನಿಜ. ಆದರೆ ಅದು ಗೊತ್ತಿರುವ ಹಾಗೆ ನಟಿಸುವುದೂ ಇಲ್ಲ. ಆದ್ದರಿಂದ ಬಲ್ಬಿಗೆ ಬಣ್ಣ ಕೊಡಲಿಲ್ಲ, ಪರದೆಯ ಮೇಲೆ ಅಂಕಿಯನ್ನೂ ತೋರಿಸಲಿಲ್ಲ.

ನೋಡಲು ಬಂದವರು ಬಾಗಿಲಲ್ಲೇ ಒಂದೊಂದು ದೂರು ಬರೆದು, ಎದುರು ಕೂತು ಓದಬೇಕಿತ್ತು. ಒಬ್ಬ ಹೆಂಗಸು ತಡವಾದ ಪಾರ್ಸೆಲ್ ಬಗ್ಗೆ ಜೋರಾಗಿಯೇ ಶುರು ಮಾಡಿದರು. ಬಲ್ಬು ಚುರುಕಾದದ್ದು ಕಂಡು ದನಿ ತಗ್ಗಿಸಿದರು, ಕೊನೆಯ ಸಾಲನ್ನು ಓದದೆ ಕಾಗದ ಮಡಚಿದರು. ಆಮೇಲೆ ಬಂದ ಹುಡುಗನದ್ದು ತದ್ವಿರುದ್ಧ: ಬಲ್ಬು ಎಷ್ಟು ಓಡುತ್ತದೆ ನೋಡೋಣ ಅಂತ ಬೇಕಂತಲೇ ಕಿರುಚಿದ. ಹಿಂದೆ ನಿಂತವರು ನಕ್ಕರು. ನಾನು ‘ನಿಮ್ಮ ತೊಂದರೆ ಅರ್ಥವಾಯಿತು’ ಅಂದೆ. ಕಿರುಚಬಾರದು ಅಂತ ನಿಯಮ ಮಾಡು ಅಂತ ಆಮೇಲೆ ಹಲವರು ಹೇಳಿದರು, ನಾನು ಮಾಡಿಲ್ಲ. ಆಫೀಸಿನಲ್ಲಿ ಆ ನಿಯಮ ಎಲ್ಲಿದೆ?

ಈಗ ಬೇರೆಯವರೂ ಆ ಕುರ್ಚಿಯಲ್ಲಿ ಕೂರುತ್ತಾರೆ. ಬಡಿತದ ಲೆಕ್ಕವನ್ನು ಎಲ್ಲೂ ಸೇವ್ ಮಾಡುವುದಿಲ್ಲ ಅಂತ ಮೊದಲೇ ಹೇಳುತ್ತೇನೆ. ಕಾರ್ಡಿಗೆ ಒಂದು ಸಾಲೂ ಸೇರಿದೆ: ‘ಸಾಕು ಅನ್ನಿಸಿದರೆ ಕ್ಲಿಪ್ ಕಿತ್ತು ಎದ್ದು ಹೋಗು, ಕಾರಣ ಹೇಳಬೇಕಿಲ್ಲ.’